ವರ್ಷಕ್ಕೆ 24 ಪುಸ್ತಕ: ನಮ್ಮ ಲೆಕ್ಕ ಎಲ್ಲಿ ತಪ್ಪಿತು?

ಕಳೆದ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ನಮ್ಮ ಸಂಘದಿಂದ ಕ್ಯಾಂಟೀನ್ ಮುಂದೆ ಒಂದು ಪುಸ್ತಕ ಮಳಿಗೆ ಹಾಕಿದ್ವಿ. ನಿಮ್ಮಲ್ಲಿ ಕೆಲವರು ಬಂದಿದ್ರಿ, ನೆನಪಿರಬಹುದು. ಹಳದಿ-ಕೆಂಪು ಶಾಲು ಹಾಕ್ಕೊಂಡು ನಾಲ್ಕು ಜನ ಮೇಜಿನ ಹಿಂದೆ ನಿಂತಿದ್ವಿ. ಫಸ್ಟ್ ಇಯರ್ ಹುಡುಗಿಯೊಬ್ಬಳು ಬಂದು, ಪುಸ್ತಕಗಳನ್ನೆಲ್ಲ ತಿರುವಿ ನೋಡಿ, "ಇದರಲ್ಲಿ ನೀವು ಓದಿರೋದು ಯಾವುದು? ಅದನ್ನೇ ಕೊಡಿ" ಅಂದಳು.

ನಾಲ್ವರೂ ಮುಖ ಮುಖ ನೋಡಿಕೊಂಡ್ವಿ. ನಮ್ಮ ಗುಂಪಿನ ಐದನೆಯವನು ಸ್ಟೇಜ್ ಹತ್ತಿರ ಸ್ಪೀಕರ್ ವೈರ್ ಎಳೀತಿದ್ದ, ಅವನ ವಿಷಯ ಆಮೇಲೆ ಬರುತ್ತೆ. ಕೊನೆಗೆ ನಮ್ಮಲ್ಲಿ ಮಂಗಳೂರಿನವನು ಧೈರ್ಯ ಮಾಡಿ ತೇಜಸ್ವಿಯವರ 'ಕರ್ವಾಲೊ' ಎತ್ತಿಕೊಟ್ಟ. "ಸೂಪರ್ ಆಗಿದೆ" ಅಂತಲೂ ಸೇರಿಸಿದ. ಅವನು ಅದನ್ನು ಓದಿರಲಿಲ್ಲ. ಅದರ ಬಗ್ಗೆ ಯೂಟ್ಯೂಬಲ್ಲಿ ಒಂದು ವಿಡಿಯೊ ನೋಡಿದ್ದ, ಅಷ್ಟೇ.

ಒಂದು ವಾರ ಬಿಟ್ಟು ಆ ಹುಡುಗಿ ಮತ್ತೆ ಬಂದಳು. ಪುಸ್ತಕ ಮುಗಿಸಿದ್ದಳು. ಮಂದಣ್ಣನ ಬಗ್ಗೆ ಮಾತಾಡಬೇಕಿತ್ತಂತೆ. ನಮ್ಮವನು ಐದು ನಿಮಿಷ ತಲೆ ಆಡಿಸಿ, ಆಮೇಲೆ ತಡೀಲಾರದೆ ನಿಜ ಒಪ್ಪಿಕೊಂಡ. ಅವಳು ನಕ್ಕು ಹೋದಳು. ನಮಗೆ ನಗು ಬರಲಿಲ್ಲ.

ವಿಚಿತ್ರ ಏನಂದ್ರೆ, ಆ ವರ್ಷ ನಾವು ಓದದೆ ಕೂತವರಲ್ಲ. ಜನವರಿ 1ರಂದೇ ಐವರೂ ರೀಡಿಂಗ್ ಚಾಲೆಂಜ್ ಹಾಕ್ಕೊಂಡಿದ್ವಿ. ತಲಾ 24 ಪುಸ್ತಕ, ಅಂದರೆ ತಿಂಗಳಿಗೆ ಎರಡು. ನವೆಂಬರ್ ಹೊತ್ತಿಗೆ ಧಾರವಾಡದವಳು 27 ಮುಗಿಸಿದ್ದಳು, ಮಂಗಳೂರಿನವನು 19, ಬೆಂಗಳೂರಿನ ಇಬ್ಬರು 11 ಮತ್ತು 9. ನಂಜನಗೂಡಿನವನು ಮೂರಕ್ಕೇ ನಿಂತಿದ್ದ. ಆ ರಾತ್ರಿ ಹಾಸ್ಟೆಲಲ್ಲಿ ಕೂತು ಕೂಡಿ ನೋಡಿದ್ವಿ: ಒಟ್ಟು 69 ಪುಸ್ತಕ. ಅದರಲ್ಲಿ ಕನ್ನಡದ್ದು ಎರಡು. ಆ ಎರಡನ್ನೂ ಓದಿದ್ದು ನಂಜನಗೂಡಿನವನು, ನಮ್ಮ ಪಟ್ಟಿಯಲ್ಲಿ ಎಲ್ಲರಿಗಿಂತ ಕೊನೆಯವನು.

ಕನ್ನಡ ಸಂಘದ ಐದು ಜನ, ಒಂದು ವರ್ಷ, ಎರಡು ಪುಸ್ತಕ. ಇದು ಹೇಗಾಯ್ತು ಅಂತ ಹುಡುಕೋಕೆ ಹೊರಟಾಗ ಗೊತ್ತಾದದ್ದನ್ನು ಇಲ್ಲಿ ಬರೀತಿದ್ದೀವಿ. ಚಾಲೆಂಜ್ ಹಾಕ್ಕೋಬೇಡಿ ಅಂತ ಹೇಳೋಕಲ್ಲ. ಏನನ್ನು ಎಣಿಸಬೇಕು ಅಂತ ಮೊದಲು ಯೋಚಿಸಿ ಅಂತ ಹೇಳೋಕೆ.

ಈ ಚಾಲೆಂಜ್ ಎಲ್ಲಿಂದ ಬಂತು?

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀವಿ. ವರ್ಷದ ಶುರುವಿನಲ್ಲಿ "ಈ ವರ್ಷ ಇಷ್ಟು ಪುಸ್ತಕ ಓದ್ತೀನಿ" ಅಂತ ಒಂದು ಸಂಖ್ಯೆ ಘೋಷಿಸೋದು, ಓದಿದ್ದನ್ನು ಒಂದೊಂದಾಗಿ ದಾಖಲಿಸೋದು, ಡಿಸೆಂಬರ್ 31ಕ್ಕೆ ಲೆಕ್ಕ ಮುಗಿಸೋದು. ಇಷ್ಟೇ.

ಐಡಿಯಾ ಹೊಸದೇನಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳು ಪುಸ್ತಕ ಮರೀಬಾರದು ಅಂತ ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳು 19ನೇ ಶತಮಾನದ ಕೊನೆಯಿಂದಲೇ ಇಂಥ ಕಾರ್ಯಕ್ರಮ ನಡೆಸಿಕೊಂಡು ಬಂದಿವೆ. ಬ್ರಿಟನ್ನಿನಲ್ಲಿ 1999ರಿಂದ 'ಸಮ್ಮರ್ ರೀಡಿಂಗ್ ಚಾಲೆಂಜ್' ನಡೀತಿದೆ. 4ರಿಂದ 11 ವರ್ಷದ ಮಕ್ಕಳು ರಜೆಯಲ್ಲಿ ಗ್ರಂಥಾಲಯದಿಂದ ಆರು ಪುಸ್ತಕ ತಂದು ಓದಬೇಕು. ಆರೇ ಆರು. ಈ ಆರನ್ನು ನೆನಪಲ್ಲಿ ಇಟ್ಟುಕೊಳ್ಳಿ.

ದೊಡ್ಡವರಿಗೆ ಇದು ಅಂಟಿಕೊಂಡದ್ದು ಇಂಟರ್ನೆಟ್ಟಿನಿಂದ. ಗುಡ್‌ರೀಡ್ಸ್ 2007ರಲ್ಲಿ ಶುರುವಾಯ್ತು, 2011ರಲ್ಲಿ ವಾರ್ಷಿಕ ಚಾಲೆಂಜ್ ತಂದಿತು, 2013ರಲ್ಲಿ ಅಮೆಜಾನ್ ಅದನ್ನು ಕೊಂಡಿತು. ನೀವು ಸಂಖ್ಯೆ ಹಾಕಿದ ಕೂಡಲೇ ಒಂದು ಪಟ್ಟಿ ಬರುತ್ತೆ, ಪುಸ್ತಕ ಮುಗಿದ ಹಾಗೆ ಅದು ತುಂಬುತ್ತಾ ಹೋಗುತ್ತೆ. ಹಿಂದೆ ಬಿದ್ದರೆ ಎಷ್ಟು ಪುಸ್ತಕ ಹಿಂದಿದ್ದೀರಿ ಅಂತಲೂ ತೋರಿಸುತ್ತೆ.

ಎಲ್ಲ ಚಾಲೆಂಜೂ ಒಂದೇ ಥರ ಇಲ್ಲ. 2015ರಲ್ಲಿ ಶುರುವಾದ ಬುಕ್ ರಯಟ್‌ನವರ 'ರೀಡ್ ಹಾರ್ಡರ್' ಮತ್ತು ಪಾಪ್‌ಶುಗರ್‌ನವರ ಚಾಲೆಂಜ್‌ಗಳಲ್ಲಿ ಬರೀ ಸಂಖ್ಯೆ ಸಾಲದು. ಅನುವಾದವಾದ ಒಂದು ಪುಸ್ತಕ, ಒಂದು ನಾಟಕ, ನೀವು ಹುಟ್ಟೋಕೆ ಮುಂಚೆ ಬಂದದ್ದೊಂದು, ಹೀಗೆ ಬಗೆಬಗೆಯ ಸೂಚನೆ ಇರುತ್ತೆ. ಇನ್ನು ಸ್ಟೋರಿಗ್ರಾಫ್ ಅನ್ನೋ ಆಪ್‌ನಲ್ಲಿ ಪುಸ್ತಕದ ಬದಲು ಪುಟದ ಗುರಿಯನ್ನೋ ಗಂಟೆಯ ಗುರಿಯನ್ನೋ ಹಾಕ್ಕೋಬಹುದು. ಈ ವ್ಯತ್ಯಾಸ ಸಣ್ಣದು ಅನ್ನಿಸುತ್ತೆ. ನಮ್ಮ ಇಡೀ ಕಥೆ ಇರೋದು ಅದರಲ್ಲೇ.

ಒಳ್ಳೇದು ಏನಾಯ್ತು?

ಮೊದಲು ಒಳ್ಳೇದು ಹೇಳಿಬಿಡೋಣ. ಹತ್ತನೇ ಕ್ಲಾಸಾದ ಮೇಲೆ ಪಿಯುಸಿ, ಸಿಇಟಿ ಅಂತ ಎರಡು ವರ್ಷ ನಾವು ಯಾರೂ ಸಿಲಬಸ್ಸಿನ ಆಚೆಗೆ ಒಂದು ಪುಟ ತಿರುವಿರಲಿಲ್ಲ. ಬೆಂಗಳೂರಿನವರಲ್ಲಿ ಒಬ್ಬಳಿಗೆ ಒಂಬತ್ತು ಪುಸ್ತಕ ಓದಿದ್ದೇ ಹಬ್ಬ. ಮೆಸ್ಸಲ್ಲಿ ಊಟಕ್ಕೆ ಕೂತಾಗ ರೀಲ್ಸ್ ಬದಲು ಕಿಂಡಲ್ ತೆಗೆಯೋ ಅಭ್ಯಾಸ ಆಯ್ತು. ಗೆಳೆಯರು ನೋಡ್ತಿದ್ದಾರೆ ಅನ್ನೋದೂ ಒಂದು ಬಲವೇ. ಲ್ಯಾಬ್ ರೆಕಾರ್ಡನ್ನು ಸಬ್‌ಮಿಶನ್ ಹಿಂದಿನ ರಾತ್ರಿ ಬರೆಯೋ ನಮ್ಮಂಥವರಿಗೆ ಗಡುವು ಇಲ್ಲದೆ ಯಾವ ಕೆಲಸವೂ ನಡೆಯಲ್ಲ.

ಹಾಗಾಗಿ ಗುರಿ ಇರೋದು ತಪ್ಪಲ್ಲ. ಗುರಿಗೆ ಯಾವ ಅಳತೆಗೋಲು ಹಿಡಿದ್ವಿ ಅನ್ನೋದರಲ್ಲಿ ಎಡವಿದ್ವಿ.

ಅಳತೆಯೇ ಗುರಿಯಾದಾಗ

ಚಾರ್ಲ್ಸ್ ಗುಡ್‌ಹಾರ್ಟ್ ಅಂತ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ. 1975ರಲ್ಲಿ ಅಲ್ಲಿನ ಹಣಕಾಸು ನೀತಿಯ ಬಗ್ಗೆ ಬರೆಯುವಾಗ ಅವರು ಹೇಳಿದ ವಿಚಾರ ಈಗ 'ಗುಡ್‌ಹಾರ್ಟ್ ನಿಯಮ' ಅಂತಲೇ ಹೆಸರಾಗಿದೆ. ಸಾರಾಂಶ ಇಷ್ಟು: ಯಾವುದನ್ನೋ ಅಳೆಯೋಕೆ ಒಂದು ಸಂಖ್ಯೆ ಇಟ್ಟುಕೊಳ್ಳಿ. ಆ ಸಂಖ್ಯೆಯನ್ನೇ ಗುರಿ ಮಾಡಿದ ದಿನದಿಂದ ಅದು ಸರಿಯಾಗಿ ಅಳೆಯೋದನ್ನು ನಿಲ್ಲಿಸುತ್ತೆ.

ನಮಗೆ ಇದನ್ನು ವಿವರಿಸಿ ಹೇಳೋದೇ ಬೇಡ. ಕ್ಲಾಸಲ್ಲಿ ಕಲೀತಿದ್ದಾರೋ ಇಲ್ವೋ ತಿಳಿಯೋಕೆ ಅಟೆಂಡೆನ್ಸ್ ಬಂತು. 85 ಪರ್ಸೆಂಟ್ ಕಡ್ಡಾಯ ಆದಮೇಲೆ ಕೊನೇ ಬೆಂಚಲ್ಲಿ ನಿದ್ದೆ ಮಾಡೋಕಾದ್ರೂ ಬಂದು ಕೂರ್ತೀವಿ. ಅಟೆಂಡೆನ್ಸ್ ಏರಿತು, ಕಲಿಕೆ ಏರಿತಾ?

ಪುಸ್ತಕದಲ್ಲೂ ಅದೇ ಆಯ್ತು. ಜೂನ್ ಹೊತ್ತಿಗೆ ಹಿಂದೆ ಬಿದ್ದಿದ್ದೀರಿ ಅಂತ ಆಪ್ ತೋರಿಸೋಕೆ ಶುರುವಾದಾಗ ನಾವು ಪುಸ್ತಕ ಆರಿಸೋ ರೀತಿ ಬದಲಾಯ್ತು. ಕಪಾಟಿನ ಮುಂದೆ ನಿಂತು ಮೊದಲು ನೋಡ್ತಿದ್ದದ್ದು ಪುಸ್ತಕದ ದಪ್ಪ. 27 ಮುಗಿಸಿದ ಧಾರವಾಡದವಳು ಈಗ ತಾನೇ ಹೇಳ್ತಾಳೆ: ಆ ಪಟ್ಟಿಯಲ್ಲಿ ಕೊನೇ ಹತ್ತು 'ಜೀವನ ಬದಲಿಸುವುದು ಹೇಗೆ' ಅನ್ನೋ ಥರದ ಸಣ್ಣ ಇಂಗ್ಲಿಷ್ ಪುಸ್ತಕಗಳು, ಒಂದರಲ್ಲಿ ಓದಿದ್ದು ಇನ್ನೊಂದರಲ್ಲಿ ಓದಿದ್ದರ ಜೊತೆ ಕಲಸಿಹೋಗಿದೆ.

ಅವಳೇ ಜನವರಿಯಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಶುರು ಮಾಡಿದ್ದಳು. 1967ರ ಕಾದಂಬರಿ, ಆರೇಳುನೂರು ಪುಟ. ಗುತ್ತಿ ಮತ್ತು ಅವನ ನಾಯಿ ಹುಲಿಯನ ಜೊತೆ ಅರವತ್ತು ಪುಟ ಹೋದಳು. ಖುಷಿಯಾಗಿಯೇ ಇತ್ತಂತೆ. ಆದರೆ ಫೆಬ್ರವರಿ ಬಂದರೂ ಪಟ್ಟಿಯಲ್ಲಿ ಸೊನ್ನೆ. ಮುಚ್ಚಿಟ್ಟಳು. ಆ ಪುಸ್ತಕದ ಬಾಗಿಲಲ್ಲೇ ಕುವೆಂಪು ಅವಸರದ ಬಗ್ಗೆ ಒಂದು ಮಾತು ಬರೆದಿದ್ದಾರೆ. ಅದನ್ನು ಓದಿಯೂ ಅವಸರಕ್ಕೆ ಬಿದ್ದು ಬಿಟ್ಟದ್ದು ನಮ್ಮ ಜಾಣತನ!

ಹಾಗಂತ ಪುಟ ಎಣಿಸಿದರೆ ಸರಿಹೋಗುತ್ತಾ? ಅದೂ ಇಲ್ಲ. ದೇವನೂರ ಮಹಾದೇವ ಅವರ 'ಕುಸುಮಬಾಲೆ' ತೆಳ್ಳಗಿನ ಪುಸ್ತಕ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ದಪ್ಪ ನೋಡಿ ಒಂದೇ ಸಂಜೆಗೆ ಮುಗಿಸಬಹುದು ಅಂದುಕೊಂಡರೆ ಮೊದಲ ಪುಟವೇ ನಮ್ಮನ್ನು ಅರ್ಧ ಗಂಟೆ ನಿಲ್ಲಿಸಿತು. ಡಿವಿಜಿಯವರ 'ಮಂಕುತಿಮ್ಮನ ಕಗ್ಗ'ದಲ್ಲಿ 945 ಪದ್ಯ. ದಿನಕ್ಕೊಂದರಂತೆ ಓದಿದರೆ ಎರಡೂವರೆ ವರ್ಷದ ಮೇಲಾಗುತ್ತೆ. ವಾರ್ಷಿಕ ಚಾಲೆಂಜಿನ ಒಳಗೆ ಅದು ಕೂರೋದೇ ಇಲ್ಲ. ಹಾಗಂತ ದಿನಕ್ಕೆ ಐವತ್ತು ಪದ್ಯ ನುಂಗಿದರೆ ಏನು ಸಿಗುತ್ತೆ?

ಕನ್ನಡ ಯಾಕೆ ಪಟ್ಟಿಯಿಂದ ಜಾರಿಹೋಯ್ತು?

ದಪ್ಪ ಪುಸ್ತಕ ಬಿಟ್ಟದ್ದು ಸರಿ, ಕನ್ನಡ ಪುಸ್ತಕಗಳೇ ಯಾಕೆ ಹೋದ್ವು? ಕನ್ನಡ ಬೇಡ ಅಂತ ನಾವು ಯಾರೂ ಅಂದುಕೊಂಡಿರಲಿಲ್ಲ. ಉತ್ತರ ಸ್ಟಾಪ್‌ವಾಚಲ್ಲಿ ಸಿಕ್ಕಿತು.

ವಿವೇಕ ಶಾನಭಾಗ ಅವರ 'ಘಾಚರ್ ಘೋಚರ್' ಕನ್ನಡದಲ್ಲಿ 2013ರಲ್ಲಿ ಬಂತು. ಶ್ರೀನಾಥ್ ಪೆರೂರ್ ಅದನ್ನು ಇಂಗ್ಲಿಷಿಗೆ ತಂದಿದ್ದಾರೆ. ಡಿಸೆಂಬರಿನ ಒಂದು ಭಾನುವಾರ ಎರಡನ್ನೂ ಇಟ್ಟುಕೊಂಡು ಕೂತ್ವಿ. ಇದರಲ್ಲಿ ಹತ್ತು ಪುಟ, ಅದರಲ್ಲಿ ಹತ್ತು ಪುಟ, ಅರ್ಥ ಮಾಡಿಕೊಂಡು ಓದಬೇಕು. ಇಂಗ್ಲಿಷ್ ಮೀಡಿಯಮ್ಮಿನ ನಾಲ್ವರಿಗೂ ಇಂಗ್ಲಿಷ್ ಪುಟಕ್ಕೆ ಸುಮಾರು ಒಂದೂವರೆ ನಿಮಿಷ ಹಿಡೀತು. ಕನ್ನಡ ಪುಟಕ್ಕೆ ನಾಲ್ಕು ನಿಮಿಷದ ಆಸುಪಾಸು. ಕನ್ನಡ ಮೀಡಿಯಮ್ಮಲ್ಲಿ ಓದಿ ಬಂದ ನಂಜನಗೂಡಿನವನಿಗೆ ಸರಿಯಾಗಿ ಉಲ್ಟಾ. ಇದು ಸಂಶೋಧನೆ ಅಲ್ಲ, ಐದು ಜನರ ಮೊಬೈಲ್ ಲೆಕ್ಕ. ಆದರೂ ಇದನ್ನು ಚಾಲೆಂಜಿಗೆ ಹಾಕಿ ನೋಡಿ.

ಒಂದು ಪುಸ್ತಕಕ್ಕೆ 200 ಪುಟ ಅಂತಿಟ್ಟುಕೊಂಡರೆ 24 ಪುಸ್ತಕಕ್ಕೆ 4800 ಪುಟ. ಇಂಗ್ಲಿಷಿನಲ್ಲಾದರೆ 7200 ನಿಮಿಷ, ಅಂದರೆ 120 ಗಂಟೆ, ದಿನಕ್ಕೆ 20 ನಿಮಿಷ. ಕನ್ನಡದಲ್ಲಾದರೆ 19,200 ನಿಮಿಷ, ಅಂದರೆ 320 ಗಂಟೆ, ದಿನಕ್ಕೆ 53 ನಿಮಿಷ. ಸಂಖ್ಯೆ ಒಂದೇ, ಬೆಲೆ ಮಾತ್ರ ಎರಡೂವರೆ ಪಟ್ಟಿಗಿಂತ ಜಾಸ್ತಿ. ಇಂಟರ್ನಲ್ಸ್ ನಡುವೆ ಒಂದು ಪುಸ್ತಕ ತೆಗೆಯಬೇಕಾದಾಗ ಕೈ ಯಾವ ಕಡೆ ಹೋಗುತ್ತೆ ಹೇಳಿ? ಯಾರೂ ಹೇಳಿಕೊಡದೆಯೇ ಅದು ಅಗ್ಗದ ಕಡೆಗೆ ಹೋಯ್ತು. ಒಂದೊಂದು ಸಲವೂ ಸಣ್ಣ ಆಯ್ಕೆಯೇ. ಅರವತ್ತೊಂಬತ್ತು ಸಲ ಆದಮೇಲೆ ಉಳಿದದ್ದು ಎರಡು.

ಹಾಗಾದ್ರೆ ಕನ್ನಡ ಓದೋದು ಕಷ್ಟದ ಭಾಷೆ ಅಂತಾನಾ? ಅಲ್ಲ. ನಂಜನಗೂಡಿನವನ ಸ್ಟಾಪ್‌ವಾಚೇ ಅದಕ್ಕೆ ಸಾಕ್ಷಿ. ನಮಗೆ ಅದು ನಿಧಾನ ಆಗೋಕೆ ಮೂರು ಕಾರಣ ಕಾಣ್ತವೆ.

ಒಂದು, ಅಭ್ಯಾಸ. ಚೆನ್ನಾಗಿ ಓದುವವರು ಅಕ್ಷರಗಳನ್ನು ಒಂದೊಂದಾಗಿ ಕೂಡಿಸುತ್ತಾ ಕೂರಲ್ಲ, ಪರಿಚಯದ ಪದವನ್ನು ನೋಡಿದ ಕೂಡಲೇ ಗುರುತಿಸ್ತಾರೆ. ಹನ್ನೆರಡು ವರ್ಷ ಎಲ್ಲ ವಿಷಯಗಳನ್ನೂ ಇಂಗ್ಲಿಷಿನಲ್ಲಿ ಓದಿ ನಮಗೆ ಆ ಭಾಷೆಯಲ್ಲಿ ಇದು ಬಂದುಬಿಟ್ಟಿದೆ. ಕನ್ನಡದಲ್ಲಿ ನಾವು ಓದಿದ್ದು ವರ್ಷಕ್ಕೊಂದು ಪಠ್ಯಪುಸ್ತಕ, ಅದೂ ಪ್ರಶ್ನೋತ್ತರಕ್ಕೆ. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ಸಲೀಸು. 'ವೈಶಿಷ್ಟ್ಯ', 'ಸ್ವಾತಂತ್ರ್ಯೋತ್ತರ' ಬಂದರೆ ಕಣ್ಣು ಬ್ರೇಕ್ ಹಾಕುತ್ತೆ. ತ, ನ, ಮ, ಯ, ರ, ಲ ಇವುಗಳ ಒತ್ತಕ್ಷರಗಳು ಮೂಲ ಅಕ್ಷರದ ಹಾಗೆ ಕಾಣೋದೂ ಇಲ್ಲವಲ್ಲ.

ಎರಡು, ಪದದ ಉದ್ದ. 'ಹೋಗಬೇಕಾಗಿತ್ತಂತೆ' ಅನ್ನೋದು ಕನ್ನಡದಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಅದನ್ನು ಹೇಳೋಕೆ ಆರೇಳು ಪದ ಬೇಕು. ಅದಕ್ಕೇ ನಿಮಿಷಕ್ಕೆ ಇಷ್ಟು ಪದ ಅನ್ನೋ ಅಳತೆಯಲ್ಲಿ ಎರಡು ಭಾಷೆಗಳನ್ನು ಹೋಲಿಸಬೇಡಿ. ಬೆಲ್ಜಿಯಂನ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ 190 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಇಂಗ್ಲಿಷಿನಲ್ಲಿ ಕಥೆಯಲ್ಲದ ಬರಹವನ್ನು ಮನಸ್ಸಲ್ಲೇ ಓದುವವರ ಸರಾಸರಿ ವೇಗ ನಿಮಿಷಕ್ಕೆ 238 ಪದ ಅಂತ ಬಂತು. ಆ 238 ಹಿಡ್ಕೊಂಡು ಕನ್ನಡದ ಮುಂದೆ ನಿಂತರೆ ಸುಮ್ಮನೆ ಬೇಜಾರಾಗುತ್ತೆ. ನಿಮ್ಮ ಕನ್ನಡವನ್ನು ಹೋಲಿಸಬೇಕಾದ್ದು ನಿಮ್ಮದೇ ಹೋದ ತಿಂಗಳ ಕನ್ನಡಕ್ಕೆ.

ಮೂರು, ಕಿವಿಗೆ ಗೊತ್ತಿರೋ ಕನ್ನಡ ಬೇರೆ, ಪುಟದ ಮೇಲಿನ ಕನ್ನಡ ಬೇರೆ. ಮನೇಲಿ "ಹೋಗ್ತಿದ್ದೆ" ಅಂತೀವಿ, ಪುಸ್ತಕದಲ್ಲಿ "ಹೋಗುತ್ತಿದ್ದೆನು" ಅಂತಿರುತ್ತೆ. ಇನ್ನೊಂದು ಊರಿನ ಮಾತು ಹಾಗೇ ಅಚ್ಚಾಗಿದ್ದರಂತೂ ಕೇಳಲೇಬೇಡಿ. ಮೇಲೆ ಹೇಳಿದ ಆ ಅರ್ಧ ಗಂಟೆ ಹೋದದ್ದು ಹೀಗೆಯೇ.

ಕೊನೆಯವನು ಓದಿದ ರೀತಿ

ಈಗ ಆ ಐದನೆಯವನ ವಿಷಯ. ಹಾಸ್ಟೆಲಿಗೆ ಬಂದ ಹೊಸತರಲ್ಲಿ ಅವನ ಮಾತಿನ ಧಾಟಿಗೆ ನಾವೇ ನಗ್ತಿದ್ವಿ. ಬಿಡದೆ ಅನುಕರಣೆ ಬೇರೆ ಮಾಡ್ತಿದ್ವಿ. ತಮಾಷೆ ಅಂತ ನಾವು ಅಂದುಕೊಂಡಿದ್ವಿ. ಅವನು ನಮ್ಮ ಮುಂದೆ ಮಾತು ಕಮ್ಮಿ ಮಾಡಿದ್ದು ಗಮನಕ್ಕೇ ಬಂದಿರಲಿಲ್ಲ.

ಡಿಸೆಂಬರಿನ ಆ ಭಾನುವಾರ 'ಕುಸುಮಬಾಲೆ' ನಮ್ಮ ಕೈಯಲ್ಲಿ ಸಿಕ್ಕಿಹಾಕಿಕೊಂಡಾಗ ಅವನು ಪುಸ್ತಕ ಇಸ್ಕೊಂಡು ಗಟ್ಟಿಯಾಗಿ ಓದಿದ. ಅಷ್ಟೇ. ಅವನ ಕಡೆಯ ಮಾತೇ ಅಲ್ಲಿರೋದು. ಒಂದೊಂದು ಸಾಲಿನ ನಡುವೆ ಎಲ್ಲಿ ಉಸಿರು ತಗೋಬೇಕು, ಯಾವುದು ಪ್ರಶ್ನೆ, ಯಾವುದು ಬೈಗುಳ, ಎಲ್ಲ ಅವನ ದನಿಯಲ್ಲಿ ತಾನಾಗೇ ತೆರೆದುಕೊಳ್ತು. ಕಣ್ಣಿಗೆ ಗಂಟಾಗಿದ್ದದ್ದು ಕಿವಿಗೆ ಸಲೀಸಾಗಿತ್ತು. ಮುಕ್ಕಾಲು ಗಂಟೆ ಯಾರೂ ಫೋನ್ ಮುಟ್ಟಲಿಲ್ಲ. ಓದು ನಿಂತಾಗ ಮಂಗಳೂರಿನವನು "ಇನ್ನೊಂದು ಪುಟ ಓದು ಮಾರಾಯ" ಅಂದ.

ಆಮೇಲೆ ಕೇಳಿದ್ವಿ, ನೀನು ವರ್ಷವಿಡೀ ಬರೀ ಮೂರು ಓದಿದೆಯಾ ಅಂತ. ಮೂರನೆಯದು ಒಂದು ಇಂಗ್ಲಿಷ್ ಪುಸ್ತಕ, ಪ್ಲೇಸ್‌ಮೆಂಟಿಗೆ ಇಂಗ್ಲಿಷ್ ಸುಧಾರಿಸುತ್ತೆ ಅಂತ ನಾವೇ ಕೊಟ್ಟದ್ದು. ಅದನ್ನು ಹಿಡಿದು ನಾಲ್ಕು ತಿಂಗಳು ಕೂತಿದ್ದ. ಅದಲ್ಲದೆ ಪ್ರತಿ ತಿಂಗಳು 'ಮಯೂರ' ತಂದು ಕಥೆಗಳನ್ನೆಲ್ಲ ಓದ್ತಿದ್ದ, ರಜೆಗೆ ಊರಿಗೆ ಹೋದಾಗ ಹಳೇ ಕಾದಂಬರಿಗಳನ್ನು ಎರಡನೇ ಸಲ, ಮೂರನೇ ಸಲ ಓದಿದ್ದ. "ಅದೆಲ್ಲ ಚಾಲೆಂಜ್‌ಗೆ ಬತ್ತದಾ? ನಂಗೆ ಗೊತ್ತಿರ್ನಿಲ್ಲ" ಅಂದ.

ನಮ್ಮ ಅಳತೆಗೋಲಿನಲ್ಲಿ ಕೊನೆಯವನಾಗಿದ್ದವನು ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವವನಾಗಿದ್ದ. ಅಳತೆಗೋಲು ಕೆಟ್ಟಿದೆ ಅನ್ನೋಕೆ ಇದಕ್ಕಿಂತ ಪುರಾವೆ ಬೇಕಿರಲಿಲ್ಲ.

ಬದಲಿಸಿದ ನಿಯಮಗಳು

ಹಾಗಾಗಿ ಈ ಸಲ ಹೊಸ ಚಾಲೆಂಜ್. ನಾವು ಬೆಳೆಸಬೇಕಾದ್ದು ಸರಾಗವಾಗಿ ಓದುವ ಶಕ್ತಿಯನ್ನು, ಪುಸ್ತಕದ ರಾಶಿಯನ್ನಲ್ಲ. ಅದಕ್ಕೆ ತಕ್ಕ ಹಾಗೆ ಎಣಿಕೆ.

ಒಂದು: ಪುಸ್ತಕ ಎಣಿಸಲ್ಲ, ದಿನ ಎಣಿಸ್ತೀವಿ. ನಮಗೆ ಯಾವ ಭಾಷೆ ನಿಧಾನವೋ ಅದರಲ್ಲಿ ದಿನಕ್ಕೆ 15 ನಿಮಿಷ. ನಾಲ್ವರಿಗೆ ಅದು ಕನ್ನಡ, ನಂಜನಗೂಡಿನವನಿಗೆ ಇಂಗ್ಲಿಷ್. ವೇಗವಾಗಿ ಬರೋ ಭಾಷೆಯಲ್ಲಿ ಎಷ್ಟು ಬೇಕಾದರೂ ಓದಿ, ಲೆಕ್ಕಕ್ಕಿಲ್ಲ.

ಎರಡು: ವಾರಕ್ಕೆ ಐದು ದಿನ ಸಾಕು. ಒಂದು ದಿನವೂ ತಪ್ಪಬಾರದು ಅನ್ನೋ ನಿಯಮದ ಅಪಾಯ ನಮಗೆ ಗೊತ್ತು. ನಲವತ್ತು ದಿನದ ಸರಣಿ ಒಂದು ಜ್ವರಕ್ಕೆ ಮುರಿದರೆ ನಲವತ್ತೊಂದನೇ ದಿನದಿಂದ ಎಲ್ಲವನ್ನೂ ಬಿಟ್ಟುಬಿಡ್ತೀವಿ. ಎರಡು ದಿನದ ರಜೆ ಮೊದಲೇ ಕೊಟ್ಟುಬಿಟ್ಟರೆ ಮುರಿಯೋಕೆ ಏನೂ ಇರಲ್ಲ.

ಮೂರು: ಪರೀಕ್ಷೆ ಕಾಲಕ್ಕೆ ಬೀಗ. ಇಂಟರ್ನಲ್ಸ್, ಸೆಮ್ ಎಂಡ್ ಅಂತ ವರ್ಷದಲ್ಲಿ ಹನ್ನೆರಡು ವಾರ ತೆಗೆದುಬಿಟ್ವಿ. ಉಳಿದ 40 ವಾರಕ್ಕೆ 200 ದಿನ, 3000 ನಿಮಿಷ, ಅಂದರೆ 50 ಗಂಟೆ. ಪುಟಕ್ಕೆ ನಾಲ್ಕು ನಿಮಿಷದ ನಮ್ಮ ಆಮೆ ವೇಗದಲ್ಲೂ 750 ಪುಟ. ಇಡೀ 'ಮಲೆಗಳಲ್ಲಿ ಮದುಮಗಳು' ಅದರಲ್ಲಿ ಮುಗಿಯುತ್ತೆ! ವೇಗ ಮೂರು ನಿಮಿಷಕ್ಕೆ ಇಳಿದರೆ 1000 ಪುಟ.

ನಾಲ್ಕು: ಬಿಡುವ ಹಕ್ಕು. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರದ್ದೊಂದು ಪ್ರಸಿದ್ಧ ನಿಯಮ ಇದೆ: ಐವತ್ತು ಪುಟ ಓದಿಯೂ ಹಿಡಿಸದಿದ್ದರೆ ಆ ಪುಸ್ತಕವನ್ನು ಕೆಳಗಿಡಿ. ದಿನ ಎಣಿಸುವಾಗ ಅರ್ಧಕ್ಕೆ ಬಿಟ್ಟ ಪುಸ್ತಕವೂ ವ್ಯರ್ಥ ಅಲ್ಲ. ಓದಿದ ದಿನಗಳು ಲೆಕ್ಕದಲ್ಲಿ ಇದ್ದೇ ಇರ್ತವೆ.

ಐದು: ಮಾಸಪತ್ರಿಕೆ, ಮರುಓದು, ಕಗ್ಗದ ಒಂದು ಪದ್ಯ, ಎಲ್ಲವೂ ಬರುತ್ತೆ.

ಆರು: ಗುರುವಾರ ಸಂಜೆ ಒಂದು ಗಂಟೆ ಒಟ್ಟಿಗೆ ಕೂತು ಗಟ್ಟಿಯಾಗಿ ಓದು. ಇದನ್ನು ಏನೋ ಹೊಸ ಆವಿಷ್ಕಾರ ಅಂದುಕೊಂಡಿದ್ವಿ. ಧಾರವಾಡದವಳು ನಕ್ಕಳು. ಅವಳ ಅಜ್ಜನ ಊರಲ್ಲಿ ಶ್ರಾವಣ ಬಂದರೆ ದಿನಾ ಸಂಜೆ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದೋದು, ಒಬ್ಬರು ಅರ್ಥ ಹೇಳೋದು, ಊರೆಲ್ಲ ಕೂತು ಕೇಳೋದು, ತಿಂಗಳ ಕೊನೆಗೆ ಮಂಗಳ. ಹಳೇ ಮೈಸೂರು ಮತ್ತು ಮಲೆನಾಡಿನ ಹಳ್ಳಿಗಳಲ್ಲಿ ಕುಮಾರವ್ಯಾಸ ಭಾರತವನ್ನು, ಜೈಮಿನಿ ಭಾರತವನ್ನು ಓದಿಸಿ ಕೇಳ್ತಿದ್ದದ್ದೂ ಹೀಗೆಯೇ. ವರ್ಷಕ್ಕೊಂದು ಪುಸ್ತಕ, ಆದರೆ ಓದು ಬಾರದವರಿಗೂ ಅದು ಬಾಯಿಪಾಠ. ವಾರ್ಷಿಕ ಓದು ನಮ್ಮಲ್ಲಿ ಮೊದಲಿಂದ ಇತ್ತು. ಎಣಿಕೆ ಬೇರೆ ಇತ್ತು, ಅಷ್ಟೇ.

ನೀವು ಶುರು ಮಾಡೋದಾದ್ರೆ

ನಮ್ಮ ಥರ ಇಂಗ್ಲಿಷ್ ಮೀಡಿಯಮ್ಮಿನವರಾದ್ರೆ 'ಕರ್ವಾಲೊ'ದಿಂದ ಶುರು ಮಾಡಿ. 1980ರ ಪುಸ್ತಕ, ಭಾಷೆ ಇವತ್ತಿಗೂ ಮಾತಾಡಿದ ಹಾಗಿದೆ. ಒಬ್ಬ ವಿಜ್ಞಾನಿ, ಜೇನು ಹಿಡಿಯೋ ಮಂದಣ್ಣ, ಪಶ್ಚಿಮಘಟ್ಟದ ಕಾಡಲ್ಲಿ ಹಾರುವ ಓತಿಯ ಹುಡುಕಾಟ. ಎಂಜಿನಿಯರಿಂಗ್ ತಲೆಗೆ ಚೆನ್ನಾಗಿ ಹಿಡಿಸುತ್ತೆ. 'ಘಾಚರ್ ಘೋಚರ್' ಚಿಕ್ಕದು, ಬೆಂಗಳೂರಿನ ಮನೆಯೊಂದರ ಒಳಗಿನ ಕಥೆ, ಸಂಭಾಷಣೆ ಸಲೀಸು. ಶಿವರಾಮ ಕಾರಂತರ 'ಚೋಮನ ದುಡಿ' 1933ರದ್ದು, ಪುಟ ಕಮ್ಮಿ, ಮನಸ್ಸಲ್ಲಿ ಉಳಿಯೋದು ಜಾಸ್ತಿ. ಕಾದಂಬರಿ ಭಾರ ಅನ್ನಿಸಿದರೆ ಬಾನು ಮುಷ್ತಾಕ್ ಅವರ ಕಥೆಗಳಿವೆ. ದೀಪಾ ಭಾಸ್ತಿ ಅನುವಾದಿಸಿದ ಅವರ ಕಥೆಗಳಿಗೆ 2025ರ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೂ ಸ್ಟೇಟಸ್ ಹಾಕಿದ್ವಿ. ಮೂಲ ಕನ್ನಡದಲ್ಲಿ ಒಂದು ಕಥೆ ಓದಿದ್ದು ಮಾತ್ರ ಈ ಜನವರಿಯಲ್ಲಿ.

ಪುಸ್ತಕಕ್ಕೆ ದುಡ್ಡು ಬೇಕಿಲ್ಲ. ನಮ್ಮ ಲೈಬ್ರರಿಯ ಕೊನೇ ಸಾಲಿನಲ್ಲಿ, ಹಳೇ ಪ್ರಾಜೆಕ್ಟ್ ರಿಪೋರ್ಟುಗಳ ಪಕ್ಕ, ಕನ್ನಡದ ಒಂದು ಕಪಾಟಿದೆ. ಜಿಲ್ಲೆಗೊಂದು ಕೇಂದ್ರ ಗ್ರಂಥಾಲಯ ಇದೆ. ರಾಜ್ಯದ ಗ್ರಂಥಾಲಯ ಇಲಾಖೆ 2020ರಲ್ಲಿ ಶುರು ಮಾಡಿದ ಡಿಜಿಟಲ್ ಲೈಬ್ರರಿ ಇದೆ. ಬೆಂಗಳೂರಿಗೆ ಹೋದರೆ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಒಂದಷ್ಟು ಜನ ಮರದ ಕೆಳಗೆ ಚಾಪೆ ಹಾಸಿ ಸುಮ್ಮನೆ ಓದ್ತಾ ಕೂತಿರ್ತಾರೆ, ಕಬ್ಬನ್ ರೀಡ್ಸ್ ಅಂತ. ಎಷ್ಟು ಓದಿದ್ರಿ ಅಂತ ಅಲ್ಲಿ ಯಾರೂ ಕೇಳಲ್ಲ. ಕನ್ನಡ ಪುಸ್ತಕ ಹಿಡ್ಕೊಂಡು ಹೋಗಿ.

ಮೊದಲ ದಿನ ಒಂದು ಕೆಲಸ ತಪ್ಪದೆ ಮಾಡಿ: ಹತ್ತು ಪುಟಕ್ಕೆ ಎಷ್ಟು ನಿಮಿಷ ಆಯ್ತು ಅಂತ ನೋಟ್‌ಬುಕ್ಕಲ್ಲಿ ಬರೆದಿಡಿ. ಮತ್ತೆ ಎರಡು ತಿಂಗಳು ನೋಡಬೇಡಿ. ದಿನಾ ನೋಡಿದರೆ ವೇಗವೇ ಗುರಿಯಾಗುತ್ತೆ, ಗುಡ್‌ಹಾರ್ಟ್ ಮತ್ತೆ ಬಂದು ಬಾಗಿಲು ತಟ್ಟುತ್ತಾರೆ.

ಜನವರಿಯಲ್ಲಿ ಶುರು ಮಾಡ್ಲಿಲ್ಲ ಅಂತ ಕೊರಗೋದೂ ಬೇಡ. ಸೆಮ್ ಪರೀಕ್ಷೆ ಮಧ್ಯೆ ಬರೋ ಹೊಸ ವರ್ಷ ಅದು. ಇನ್ನೇನು ಯುಗಾದಿ ಬರ್ತಿದೆ, ನಮ್ಮ ಹೊಸ ವರ್ಷ. ಅಲ್ಲಿಂದ ಎಣಿಸಿ.

ಈಗ ಎಲ್ಲಿದ್ದೀವಿ?

ದೊಡ್ಡ ಸಾಧನೆ ಏನಿಲ್ಲ. ಡಿಸೆಂಬರಿನಲ್ಲಿ ಪುಟಕ್ಕೆ ನಾಲ್ಕು ನಿಮಿಷ ಇದ್ದದ್ದು ಮೊನ್ನೆ ನೋಡಿದಾಗ ಮೂರರ ಹತ್ತಿರ ಬಂದಿತ್ತು, ಬೆಂಗಳೂರಿನ ಒಬ್ಬಳಿಗೆ ಇನ್ನೂ ನಾಲ್ಕೇ. ಅವಳು ಮೂರು ವಾರ ತಪ್ಪಿಸಿ ಮತ್ತೆ ಶುರು ಮಾಡಿದ್ದಾಳೆ. ನಂಜನಗೂಡಿನವನು ಆ ಇಂಗ್ಲಿಷ್ ಪುಸ್ತಕ ಬಿಟ್ಟು, ತನಗೆ ಇಷ್ಟವಾದ ಒಂದು ಪತ್ತೇದಾರಿ ಕಥೆ ಹಿಡಿದಿದ್ದಾನೆ. ದಿನಕ್ಕೆ ನಾಲ್ಕು ಪುಟ. ಗುರುವಾರ ಅವನೇ ನಮಗೆ ಮೇಷ್ಟ್ರು. ಅವನ ಧಾಟಿಯನ್ನು ಅನುಕರಿಸೋಕೆ ಈಗಲೂ ಪ್ರಯತ್ನ ಪಡ್ತೀವಿ, 'ಕುಸುಮಬಾಲೆ'ಯನ್ನು ಸರಿಯಾಗಿ ಓದಬೇಕಲ್ಲ. ನಮಗೆ ಬರಲ್ಲ. ಅವನು ನಗ್ತಾನೆ. ಆ ನಗು ನಮಗೆ ಬರಬೇಕಾದ್ದೇ.

ಧಾರವಾಡದವಳು 'ಮಲೆಗಳಲ್ಲಿ ಮದುಮಗಳು' ಮತ್ತೆ ತೆಗೆದಿದ್ದಾಳೆ, ಮೊದಲ ಪುಟದಿಂದ. ಈಗ ಇನ್ನೂರು ದಾಟಿದ್ದಾಳೆ. ಮಳೆಗಾಲಕ್ಕೆ ಮುಗಿಯುತ್ತಾ ಅಂತ ಕೇಳಿದರೆ "ಗೊತ್ತಿಲ್ಲ, ಗಡಿಬಿಡಿ ಏನೈತಿ" ಅಂತಾಳೆ.

ಮಂಗಳೂರಿನವನು 'ಕರ್ವಾಲೊ' ಓದಿ ಮುಗಿಸಿದ. ಆ ಫಸ್ಟ್ ಇಯರ್ ಹುಡುಗಿಯನ್ನು ಕ್ಯಾಂಟೀನಲ್ಲಿ ಹುಡುಕಿಕೊಂಡು ಹೋಗಿ, "ಮಂದಣ್ಣನ ಬಗ್ಗೆ ಏನೋ ಕೇಳ್ಬೇಕು ಅಂದಿದ್ಯಲ್ಲ, ಈಗ ಕೇಳು" ಅಂದ. ಅವಳೂ ಈಗ ಗುರುವಾರ ಬರ್ತಾಳೆ. ಸಂಜೆ ಐದೂವರೆಗೆ, ಲೈಬ್ರರಿ ಹಿಂದಿನ ಕಟ್ಟೆ ಮೇಲೆ. ನೀವೂ ಬನ್ನಿ. ನಿಧಾನ ಓದುವವರಿಗೆ ಮುಂದಿನ ಸಾಲಿನಲ್ಲಿ ಜಾಗ.